ಹಳೆಯ ಮಾರುತಿ 800 ಬಿಸಿಯಾಗುತ್ತೆ, ಕೂಲೆಂಟ್ (ಇಂಜಿನ್ ತಂಪಾಗಿಡುವ ದ್ರವ) ಇಳಿಯುತ್ತಲೇ ಇರುತ್ತೆ. ಎಲ್ಲಿಂದ ಹುಡುಕಬೇಕು?

ಮೊದಲು ಇಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿಯಲ್ಲಿ ರೇಡಿಯೇಟರ್ ಕ್ಯಾಪ್ ತಿರುಗಿಸಿದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ದಯವಿಟ್ಟು ಬೇಡ.

ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಿಡಿ. ಬೆಳಿಗ್ಗೆ ಕಲೆ ಕಂಡರೆ ಅದರ ನೇರಕ್ಕೆ ಮೇಲಿರುವ ಹೋಸ್ ಕ್ಲಿಪ್, ರೇಡಿಯೇಟರ್ ಅಂಚು, ವಾಟರ್ ಪಂಪ್ ನೋಡಿ. ಪಂಪ್ ಶಾಫ್ಟಿನ ಕೆಳಗೊಂದು ಸಣ್ಣ ತೂತು ಇರುತ್ತದೆ. ಅದರ ಸುತ್ತ ಹಸಿರು ಅಥವಾ ಬಿಳಿ ಪುಡಿ ಒಣಗಿ ಕೂತಿದ್ದರೆ ಸೀಲ್ ಹೋಗಿದೆ, ಪಂಪನ್ನೇ ಬದಲಿಸಿ. ಕಾರಿನೊಳಗೆ ಸಿಹಿ ವಾಸನೆ ಬಂದು ಮುಂದಿನ ಮ್ಯಾಟ್ ಒದ್ದೆಯಾದರೆ ಹೀಟರ್ ಕೋರ್ (ಕಾರಿನೊಳಗಿನ ಹೀಟರಿಗೆ ಬಿಸಿ ಕೊಡುವ ಪುಟ್ಟ ರೇಡಿಯೇಟರ್) ಸೋರುತ್ತಿದೆ. ಕ್ಯಾಪಿನ ರಬ್ಬರ್ ಗಟ್ಟಿಯಾಗಿದ್ದರೂ ಒತ್ತಡ ನಿಲ್ಲದೆ ನೀರು ಬೇಗ ಕುದಿದು ಹೊರಗೆ ಹೋಗುತ್ತದೆ. ಅಗ್ಗದ ಭಾಗ, ಅನುಮಾನ ಬಂದರೆ ಹಾಕಿಬಿಡಿ.

ಟ್ರಾಫಿಕ್‌ನಲ್ಲಿ ಮಾತ್ರ ಬಿಸಿಯಾದರೆ ರೇಡಿಯೇಟರ್ ಫ್ಯಾನ್, ಅದಕ್ಕೆ ಕರೆಂಟ್ ಕೊಡುವ ರಿಲೇ, ಸ್ವಿಚ್ ನೋಡಿ. ಹೈವೇಯಲ್ಲಿ ಬಿಸಿಯಾದರೆ ಕಟ್ಟಿಕೊಂಡ ರೇಡಿಯೇಟರ್ ಅಥವಾ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದಾಗ ತೆರೆದು ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್). ಥರ್ಮೋಸ್ಟಾಟ್ ಬಿಚ್ಚಿ ನೀರಲ್ಲಿ ಕಾಯಿಸಿ. ಅದರ ಮೇಲೆ ಅಚ್ಚಾದ ಡಿಗ್ರಿಯ ಆಸುಪಾಸಿನಲ್ಲಿ ತೆರೆಯಲು ಶುರುವಾಗಬೇಕು. ಅದನ್ನು ಕಿತ್ತೆಸೆದು ಓಡಿಸುವುದು ಪರಿಹಾರವಲ್ಲ.

ಹೊರಗೆಲ್ಲೂ ಸೋರಿಕೆಯಿಲ್ಲದೆ ಕೂಲೆಂಟ್ ಮಾಯವಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಮೇಲೆ ಅನುಮಾನ. ತಣ್ಣಗಿದ್ದಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ. ಗುಳ್ಳೆ ನಿಲ್ಲದೆ ಏಳುತ್ತಿದ್ದರೆ, ಅಥವಾ ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆತ ಕಾಫಿಯಂತಿದ್ದರೆ, ಗಾಡಿ ಓಡಿಸಬೇಡಿ. ಅಲ್ಯೂಮಿನಿಯಂ ಹೆಡ್ ಡೊಂಕಾದರೆ ಖರ್ಚು ಹಲವು ಪಟ್ಟು.

ರಿಪೇರಿಯಾದ ಮೇಲೆ ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ತುಂಬಿ, ಹೀಟರ್ ಫುಲ್ ಬಿಸಿಗೆ ಇಟ್ಟು, ಕ್ಯಾಪ್ ತೆರೆದೇ, ಗಾಡಿ ನಿಲ್ಲಿಸಿಕೊಂಡೇ ಇಂಜಿನ್ ಐಡಲ್‌ನಲ್ಲಿ ಓಡಿಸಿ ಗಾಳಿ ಹೊರಡಿಸಿ.