ಮುಂದಿನ ನೆಂಟರಿಗೆ ಕೆಂಪು ಶಾಯಿ

(ಬೀದರಿನ ಓದುಗರೊಬ್ಬರು, ನಿವೃತ್ತ ಕನ್ನಡ ಶಿಕ್ಷಕರು, ತಮಗೆ ಬಂದ ಇ-ಮೇಲ್ ಒಂದನ್ನು ಮುದ್ರಿಸಿ, ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ, 25ಕ್ಕೆ 4 ಅಂಕ ಹಾಕಿ ನಮಗೆ ಕಳಿಸಿದ್ದಾರೆ. ‘ಇಂಥ ಪೆದ್ದು ಪತ್ರಕ್ಕೆ ಯಾರಾದರೂ ಮೋಸ ಹೋಗುತ್ತಾರೆಯೇ? ತಿದ್ದಿದ ಪ್ರತಿಯನ್ನು ಅವರಿಗೇ ವಾಪಸು ಕಳಿಸಲೇ?’ ಎಂದು ಕೇಳಿದ್ದಾರೆ. – ಸಂ.)

ಗುರುಗಳೇ, ನಮಸ್ಕಾರ.

ನಿಮ್ಮ ಲಕೋಟೆ ಒಡೆದ ದಿನ ಕಲಬುರಗಿಯ ನಮ್ಮ ಕಚೇರಿಯಲ್ಲಿ ಅರ್ಧ ತಾಸು ಕೆಲಸ ನಿಂತಿತ್ತು. ‘ನಮ್ಮ ಮುಂದಿನ ನೆಂಟರಾದ ತಮಗೆ’ ಎಂಬ ಸಂಬೋಧನೆಯ ಪಕ್ಕ ನೀವು ‘ಹಿಂದಿನ ನೆಂಟರು ಎಲ್ಲಿ?’ ಎಂದು ಬರೆದಿರುವುದನ್ನು ಎಲ್ಲರೂ ಕೈಯಿಂದ ಕೈಗೆ ದಾಟಿಸಿ ಓದಿದೆವು. ವಾರಸುದಾರ ಎಂಬರ್ಥದ ‘ನೆಕ್ಸ್ಟ್ ಆಫ್ ಕಿನ್’ ಎಂಬ ಇಂಗ್ಲಿಷ್ ಮಾತನ್ನು ಯಂತ್ರ ಹೀಗೆ ಕನ್ನಡಿಸಿದೆ. ಹಣವನ್ನು ‘ತಂತಿ ಮಾಡುತ್ತೇವೆ’ ಎಂದದ್ದೂ ಅದೇ ಯಂತ್ರ. ಅಂಕಿಯಲ್ಲಿ 95 ಲಕ್ಷ ಪೌಂಡ್, ಅಕ್ಷರದಲ್ಲಿ ಒಂಬತ್ತು ಕೋಟಿ. ಕೆಳಗೆ ರಿಸರ್ವ್ ಬ್ಯಾಂಕ್ ಗವರ್ನರರ ಸಹಿ, ಮೇಲೆ ಜಿಮೇಲ್ ವಿಳಾಸ. ತಾರೀಖು ಜೂನ್ 31!

ನನಗೆ ಹೆಚ್ಚು ಹಿಡಿಸಿದ್ದು ಕಥೆಯ ನಾಯಕರು, ಲಂಡನ್ನಿನಲ್ಲಿ ವಾರಸುದಾರರಿಲ್ಲದೆ ತೀರಿಕೊಂಡ ಇಂಜಿನಿಯರ್ ಪಾಟೀಲರು. ಆಳಂದದಿಂದ ಔರಾದವರೆಗೆ ಪಾಟೀಲರ ಮನೆಯಿಲ್ಲದ ಊರು ಹುಡುಕುವುದೇ ಕಷ್ಟ. ಮಣ್ಣಿಗೆ ಹೋದವರು ಮನೆ ಸೇರುವುದರೊಳಗೆ ನಾಲ್ಕು ಜನ ಅಣ್ಣತಮ್ಮಂದಿರು ಪಹಣಿ ಹಿಡಿದು ತಹಶೀಲ್ದಾರರ ಬಾಗಿಲಲ್ಲಿ ನಿಂತಿರುವ ಸೀಮೆ ನಮ್ಮದು. ವಾರಸುದಾರರೇ ಇಲ್ಲದ ಪಾಟೀಲರನ್ನು ಕಲ್ಪಿಸಿಕೊಳ್ಳಬೇಕಾದರೆ ಲಂಡನ್ನಿನಷ್ಟು ದೂರವೇ ಹೋಗಬೇಕು.

ಆದರೂ ಅದನ್ನು ಪೆದ್ದು ಪತ್ರ ಎಂದಿರಲ್ಲ, ಅಲ್ಲಿ ನನ್ನದು ತಕರಾರು. ಮೈಕ್ರೋಸಾಫ್ಟ್‌ನ ಸಂಶೋಧಕ ಕಾರ್ಮಕ್ ಹರ್ಲಿ 2012ರಲ್ಲಿ ಇದೇ ಪ್ರಶ್ನೆ ಎತ್ತಿಕೊಂಡು ಲೆಕ್ಕ ಹಾಕಿ ತೋರಿಸಿದ್ದರು. ಲಕ್ಷ ಜನಕ್ಕೆ ಇ-ಮೇಲ್ ಕಳಿಸಲು ಖರ್ಚಿಲ್ಲ. ಖರ್ಚೆಲ್ಲ ಉತ್ತರ ಬರೆದವರ ಜೊತೆ ವಾರಗಟ್ಟಲೆ ಹೆಣಗುವುದರಲ್ಲಿ. ನಿಮ್ಮಂಥವರು ಉತ್ತರ ಬರೆದು, ನಾಲ್ಕು ದಿನ ಮಾತಾಡಿಸಿ, ಕೊನೆಗೆ ‘ಹೋಗಯ್ಯಾ’ ಎಂದರೆ ಅವರಿಗೆ ಆ ನಾಲ್ಕು ದಿನ ನಷ್ಟ. ಆದ್ದರಿಂದ ಅನುಮಾನದ ಪ್ರಾಣಿಗಳೆಲ್ಲ ಮೊದಲ ಸಾಲಿನಲ್ಲೇ ನಕ್ಕು ಎದ್ದುಹೋಗಲಿ ಎಂದೇ ಪತ್ರ ಹಾಗಿರುತ್ತದೆ. ದಾಲ್ ಮಿಲ್ಲಿನ ಜರಡಿ ಇದ್ದಂತೆ. ನೀವು ಜರಡಿಯ ಮೇಲೆ ಉಳಿದಿರಿ. ಕೆಳಗೆ ಉದುರಿದವರು ಪೆದ್ದರೇನಲ್ಲ. ಮಗಳ ಮದುವೆಯ ಸಾಲ ತಲೆಯ ಮೇಲಿದ್ದವನಿಗೆ ಕಾಗುಣಿತ ಕಾಣುವುದಿಲ್ಲ.

ಕಥೆಯೂ ಹೊಸದಲ್ಲ. 19ನೇ ಶತಮಾನದಲ್ಲಿ ‘ಸ್ಪೇನಿನ ಕೈದಿ’ಯ ಹೆಸರಲ್ಲಿ ಕಾಗದಗಳು ಬರುತ್ತಿದ್ದವು: ಸೆರೆಯಲ್ಲಿದ್ದೇನೆ, ಹಣ ಹೂತಿಟ್ಟಿದ್ದೇನೆ, ಬಿಡಿಸಲು ಸ್ವಲ್ಪ ಖರ್ಚು ಕಳಿಸಿ. ಪಾಯ ತೋಡುವಾಗ ಗುಪ್ತಧನ ಸಿಕ್ಕಿತು ಎಂದು ಹಿತ್ತಾಳೆಯ ನಾಣ್ಯ ಮಾರುವವರು ನಮ್ಮ ಕೋಟೆಯ ಊರುಗಳಿಗೆ ಹೊಸಬರೇ? ಇ-ಮೇಲ್ ಕಾಲದಲ್ಲಿ ಈ ದಂಧೆಗೆ ಬಿದ್ದ ಹೆಸರು 419, ನೈಜೀರಿಯಾದ ದಂಡಸಂಹಿತೆಯ ಕಲಮಿನ ಸಂಖ್ಯೆ. ತಮಾಷೆಯೆಂದರೆ ನಮ್ಮ ಹಳೆಯ ದಂಡಸಂಹಿತೆಯಲ್ಲೂ ಸೋಗು ಹಾಕಿ ವಂಚಿಸಿದವರಿಗೆ ಇದ್ದದ್ದು 419ನೇ ಕಲಮೇ, ಪ್ರಸಿದ್ಧ 420ರ ಪಕ್ಕದ ಮನೆ. 2024ರ ಜುಲೈ 1ರಂದು ನ್ಯಾಯಸಂಹಿತೆ ಬಂದ ಮೇಲೆ ಅದು 319 ಆಗಿದೆ.

ನನಗೆ ಭಯ ತಪ್ಪಿಲ್ಲದ ಪತ್ರದ್ದು. ಹೋದ ವರ್ಷ ನಮ್ಮ ಪತ್ರಿಕೆಯ ಜಾಲತಾಣದ ನವೀಕರಣ ಶುಲ್ಕ ಬಾಕಿಯಿದೆ, ಸಂಜೆಯೊಳಗೆ ಕಟ್ಟಿ ಎಂದು ಬಿಲ್ ಬಂತು. ಲಾಂಛನ ಸರಿ, ಮೊತ್ತ ಸರಿ, ಭಾಷೆ ನನ್ನ ಸಂಪಾದಕೀಯಕ್ಕಿಂತ ಶುದ್ಧ. ಕಟ್ಟಲು ಕಾರ್ಡ್ ತೆಗೆದಿದ್ದೆ. ಲೆಕ್ಕಪತ್ರ ನೋಡುವ ನಮ್ಮ ಹೆಣ್ಣುಮಗಳು ‘ಸರ್, ಮಾರ್ಚ್‌ನಲ್ಲೇ ಕಟ್ಟಿದ್ದೇವಲ್ಲ’ ಎಂದಳು. ಆಮೇಲೆ ವಿಳಾಸ ನೋಡಿದರೆ, ಮುಂದುಗಡೆ ನಮಗೆ ಗೊತ್ತಿದ್ದ ಸಂಸ್ಥೆಯ ಹೆಸರು, ಬಾಲದಲ್ಲಿ ಮತ್ಯಾವುದೋ. ಅಂದಿನಿಂದ ನಾನು ಇ-ಮೇಲ್ ವಿಳಾಸವನ್ನು ಉರ್ದುವಿನಂತೆ ಬಲದಿಂದ ಎಡಕ್ಕೆ ಓದುತ್ತೇನೆ. ನಮ್ಮ ಬ್ಯಾಂಕುಗಳ ಜಾಲತಾಣಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂಬ ಬಾಲಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿದ್ದು ಈ ಓದಿಗೆ ಅನುಕೂಲವೇ ಆಯಿತು. ಅಂದಹಾಗೆ, ರಿಸರ್ವ್ ಬ್ಯಾಂಕ್ ನಿಮ್ಮ ನನ್ನಂಥವರ ಖಾತೆ ಇಟ್ಟುಕೊಳ್ಳುವುದೇ ಇಲ್ಲ. ಗವರ್ನರರು ನಮಗೆ ಕಾಗದ ಬರೆಯುವ ಪ್ರಸಂಗವೇ ಬರುವುದಿಲ್ಲ.

ಯಾರಾದರೂ ಆಗಲೇ ಹಣ ಕಳಿಸಿ ಕೂತಿದ್ದರೆ, ನಾಚಿಕೆ ಬಿಟ್ಟು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲು ಹೇಳಿ. ಹಣ ಕೈಯಿಂದ ಕೈಗೆ ದಾಟುವ ಮುನ್ನ ಖಾತೆಯಲ್ಲೇ ತಡೆಯಲು ಸಾಧ್ಯವಾಗುವುದು ಮೊದಲ ತಾಸುಗಳಲ್ಲಿ.

ಇನ್ನು, ತಿದ್ದಿದ ಪ್ರತಿಯನ್ನು ವಾಪಸು ಕಳಿಸುವ ಮಾತು. ಬೇಡ ಗುರುಗಳೇ. ಒಂದು ಸಾಲು ಉತ್ತರ ಹೋದರೂ ಈ ವಿಳಾಸದಲ್ಲಿ ಮನುಷ್ಯರಿದ್ದಾರೆ ಎಂದು ಗೊತ್ತಾಗಿ, ಅದು ಹತ್ತು ಕೈಗೆ ಮಾರಾಟವಾಗುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಮೂವತ್ತು ವರ್ಷ ಬೀದರಿನ ಮಕ್ಕಳ ಕನ್ನಡ ತಿದ್ದಿದ್ದೀರಿ. ದಯವಿಟ್ಟು ಇವರದನ್ನು ತಿದ್ದಬೇಡಿ.