ರಿಜ಼್, ಹ್ಯಾಂಗ್ರಿ, ನೋ ಕ್ಯಾಪ್: ಈ ಹೊಸ ಇಂಗ್ಲಿಷ್ ಪದಗಳನ್ನು ಅರ್ಥ ಮಾಡಿಕೊಳ್ಳುವುದು ಹೇಗೆ? ಆಫೀಸಿನಲ್ಲಿ ಬಳಸಬಹುದಾ?

ಮೊದಲು ಪದವನ್ನು ಎರಡು ತುಂಡು ಮಾಡಿ ನೋಡಿ. ಒಂದರ ತಲೆಗೆ ಇನ್ನೊಂದರ ಬಾಲ ಅಂಟಿಸಿದ ಪದಗಳು ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ. ಹಂಗ್ರಿಗೆ ಆಂಗ್ರಿ ಸೇರಿ ಹ್ಯಾಂಗ್ರಿ, ಅಂದರೆ ಹಸಿವಿಗೆ ಸಿಡಿಮಿಡಿಗುಟ್ಟುವುದು. ಬ್ರಂಚ್, ಸ್ಮಾಗ್ ಹುಟ್ಟಿದ್ದೂ ಹೀಗೇ.

ತುಂಡಾಗದಿದ್ದರೆ ಅದೇ ಯಾವುದೋ ಪದದ ತುಂಡಿರಬಹುದು. ವೆಂಕಟೇಶ ವೆಂಕಿ ಆದಂತೆ ಸಸ್ಪಿಷಸ್ (ಅನುಮಾನ ಹುಟ್ಟಿಸುವ) 'ಸಸ್' ಆಗಿದೆ. ರಿಜ಼್ ಸ್ವಲ್ಪ ತಂಟೆಯದು. ಕರಿಜ಼್ಮಾದ, ಅಂದರೆ ಜನರನ್ನು ಸೆಳೆಯುವ ಮೋಡಿಯ, ಹಿಂದೂ ಮುಂದೂ ಕತ್ತರಿಸಿ ನಡು ಮಾತ್ರ ಉಳಿಸಿಕೊಂಡಿದ್ದಾರೆ, ಇನ್‌ಫ್ಲುಯೆಂಜ಼ಾ ಫ್ಲೂ ಆದ ಹಾಗೆ. 2023ರಲ್ಲಿ ಆಕ್ಸ್‌ಫರ್ಡ್‌ನವರು ವರ್ಷದ ಪದ ಅಂತ ಆರಿಸಿದ್ದು ಇದನ್ನೇ. ಇದು ನಾಮಪದ, ಆದ್ದರಿಂದ 'ಹೀ ಹ್ಯಾಸ್ ರಿಜ಼್' ಸರಿ, 'ಹೀ ಈಸ್ ರಿಜ಼್' ತಪ್ಪು. ಮಾತಿನಲ್ಲೇ ಮರುಳು ಮಾಡುವುದಕ್ಕೆ 'ರಿಜ಼್ ಅಪ್'. ಕೊನೆಗೆ ನಮ್ಮ ಮಾಮೂಲಿ 'ಜ' ಹಾಕಿದರೆ ಕೇಳುವವರಿಗೆ 'ರಿಡ್ಜ್' ಅನಿಸುತ್ತದೆ, ಬೆಟ್ಟದ ಏಣು!

ನಿಜವಾಗಿ ಕಷ್ಟ ಕೊಡುವುದು ಹಳೆಯ ಪದಕ್ಕೆ ಹೊಸ ಅರ್ಥ ಬಂದಾಗ. ಆಫ್ರಿಕನ್ ಅಮೆರಿಕನ್ನರ ಆಡುಮಾತಿನಿಂದ ಬಂದ 'ಕ್ಯಾಪ್' ಅಂದರೆ ಸುಳ್ಳು. ವಾಕ್ಯದ ಕೊನೆಗೆ 'ನೋ ಕ್ಯಾಪ್' ಅಂದರೆ 'ಸುಳ್ಳಲ್ಲ ಮಾರಾಯ' ಅಂದಂತೆ. 'ಘೋಸ್ಟ್' ಕ್ರಿಯಾಪದವಾದರೆ ಹೇಳದೆ ಕೇಳದೆ ಸಂಪರ್ಕ ಕಡಿದುಕೊಳ್ಳುವುದು. 'ಶೀ ಘೋಸ್ಟೆಡ್ ಮೀ' ಅನ್ನಬೇಕು, ನಡುವೆ 'ವಿತ್' ಬೇಡ. 'ಸಿಕ್' ಅಂದರೆ ಸೂಪರ್ ಅಂತ ಕೇಳಿ ನಗಬೇಡಿ. ಪಾರಸಿಯಲ್ಲಿ ಗಟ್ಟಿ, ಕಠಿಣ ಅಂತಿದ್ದ ಪದವನ್ನು ನಾವೂ 'ಸಖತ್' ಮಾಡಿಕೊಂಡಿದ್ದೇವಲ್ಲ.

ಅರ್ಬನ್ ಡಿಕ್ಷನರಿ ಅನ್ನುವ ಆನ್‌ಲೈನ್ ನಿಘಂಟಿನಲ್ಲಿ ಯಾರು ಬೇಕಾದರೂ ಅರ್ಥ ಬರೆಯಬಹುದು. ಹೆಚ್ಚು ಮತ ಬಿದ್ದದ್ದು ಎಷ್ಟೋ ಸಲ ಬರೀ ತಮಾಷೆ. ಹಾಗಾಗಿ ಆ ಪದ ಬಂದ ಮೂರ್ನಾಲ್ಕು ಬೇರೆ ಬೇರೆ ವಾಕ್ಯ ಹುಡುಕಿ, ಅರ್ಥ ಎಲ್ಲದಕ್ಕೂ ಹೊಂದುತ್ತದಾ ನೋಡಿ. ಆಮೇಲೆ ಮೆರಿಯಮ್-ವೆಬ್‌ಸ್ಟರ್ ನಿಘಂಟು ತೆಗೆಯಿರಿ. ಪದದ ಪಕ್ಕದಲ್ಲಿ 'ಸ್ಲ್ಯಾಂಗ್' ಅಂತಿದ್ದರೆ ಅದು ಮೇಲ್‌ಗೆ ಹೋಗುವ ಪದವಲ್ಲ.

ಓರಗೆಯವರ ಜೊತೆ ಚಾಟ್‌ನಲ್ಲಿ ಧಾರಾಳವಾಗಿ ಬಳಸಿ. ಕ್ಲೈಂಟ್‌ಗೆ ಬೇಡ. ಅಂದಹಾಗೆ, ಅಲ್ಲಿ ನಮ್ಮವರು ಎಡವುವುದು ಈ ಪದಗಳಿಂದ ಅಲ್ಲ, 'ಪ್ರಿಪೋನ್'ನಿಂದ, ಅಂದರೆ ಮೀಟಿಂಗನ್ನೋ ಮತ್ತೊಂದನ್ನೋ ಗೊತ್ತಾದ ಸಮಯಕ್ಕಿಂತ ಮುಂಚೆ ಇಟ್ಟುಕೊಳ್ಳುವುದು. ಅದು ನಮ್ಮ ದೇಶದಲ್ಲಿ ಚಲಾವಣೆಯಲ್ಲಿರುವ ನಾಣ್ಯ, ಅಮೆರಿಕದವರಲ್ಲಿ ಅನೇಕರಿಗೆ ಗೊತ್ತೇ ಇರುವುದಿಲ್ಲ. ಅವರಿಗೆ 'ಮೂವ್ ಅಪ್' ಅಂತ ಬರೆಯಿರಿ, ಬ್ರಿಟನ್ನಿನವರಿಗಾದರೆ 'ಬ್ರಿಂಗ್ ಫಾರ್ವರ್ಡ್'.