ಪರಿಸರ ಪಾಠಕ್ಕೆ ಯಾವ ತರಬೇತಿ?

ಪ್ರಶ್ನೆ: ಬಿ.ಎಸ್ಸಿ., ಬಿ.ಎಡ್. ಆಗಿದೆ. ಶಾಲೆಯ ಇಕೋ ಕ್ಲಬ್ ಜವಾಬ್ದಾರಿ ನನ್ನ ತಲೆಗೆ ಬಂದಿದೆ. ಜೂನ್ 5ಕ್ಕೆ ಗಿಡ ನೆಡುವುದು ಬಿಟ್ಟರೆ ಬೇರೇನೂ ತೋಚುತ್ತಿಲ್ಲ. ಯಾವ ಕೋರ್ಸ್ ಸೇರಲಿ ಸರ್?
– ಒಬ್ಬ ಶಿಕ್ಷಕಿ, ಗಂಗಾವತಿ

ಉತ್ತರ: ಮೇಡಂ, ಪರಿಸರ ಓದುವುದೇ ಬೇರೆ, ಕಲಿಸುವುದೇ ಬೇರೆ. ಇಗ್ನೋದಲ್ಲಿ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಪರಿಸರ ಮತ್ತು ಸುಸ್ಥಿರ ಅಭಿವೃದ್ಧಿಯ ಪಿ.ಜಿ. ಡಿಪ್ಲೊಮಾ ಇದೆ. ಮನೆಯಲ್ಲೇ ಓದಬಹುದು, ಸರ್ಟಿಫಿಕೇಟೂ ಸಿಗುತ್ತದೆ. ಆದರೆ ನಲವತ್ತು ಮಕ್ಕಳನ್ನು ಕೆರೆ ದಂಡೆಗೆ ಕರೆದೊಯ್ದು ಏನು ಮಾಡಿಸಬೇಕು ಅನ್ನುವುದು ಬರೀ ಓದಿನಿಂದ ಬರುವುದಿಲ್ಲ. ಅದಕ್ಕೆ ಕಾರ್ಯಾಗಾರವೇ ಬೇಕು. ಅಹಮದಾಬಾದಿನ ಸೆಂಟರ್ ಫಾರ್ ಎನ್ವಿರಾನ್‌ಮೆಂಟ್ ಎಜುಕೇಶನ್ 1984ರಿಂದ ಇದೇ ಕೆಲಸದಲ್ಲಿದೆ. ಬೆಂಗಳೂರಿನಲ್ಲೂ ಅವರ ಕಚೇರಿ ಇದೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರ ‘ಅರ್ಲಿ ಬರ್ಡ್’ ಕಾರ್ಯಕ್ರಮ ಹಕ್ಕಿಗಳ ಮೂಲಕ ಪ್ರಕೃತಿ ಕಲಿಸುತ್ತದೆ. ನನ್ನನ್ನು ಕೇಳಿದರೆ ಅಲ್ಲಿಂದಲೇ ಶುರು ಮಾಡಿ.

ದುಡ್ಡು ಕಟ್ಟುವ ಮುಂಚೆ ವಿಚಾರಿಸಿ: ಹೊರಗೆ ಬಯಲಲ್ಲಿ ಎಷ್ಟು ಹೊತ್ತು? ಬರೀ ಪಿಪಿಟಿ ಅಂದರೆ ಸುಮ್ನೆ ದಂಡ. (ಊಟ ಚೆನ್ನಾಗಿರುತ್ತದೆ, ಆ ಮಾತು ಬೇರೆ.)

ಕೊಪ್ಪಳದ ಮಕ್ಕಳಿಗೆ ಹುಲಿ ಚಿತ್ರ ತೋರಿಸುತ್ತಾ ಕೂರಬೇಡಿ. ನಿಮ್ಮ ಹತ್ತಿರದ ಬಂಕಾಪುರದಲ್ಲೇ ತೋಳಗಳಿವೆ. ತೋಳ ಕುರಿ ಹಿಡಿದರೆ ಕುರಿಗಾಹಿ ಏನು ಮಾಡಬೇಕು? ಈ ಪ್ರಶ್ನೆ ಕ್ಲಾಸಿಗೆ ತನ್ನಿ. ಕುರಿ ಕಾಯುವ ಮನೆಯ ಮಕ್ಕಳು ನಿಮಗಿಂತ ಜಾಸ್ತಿ ಹೇಳುತ್ತಾರೆ. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗೆ ನೀರುನಾಯಿ ಸಂರಕ್ಷಿತ ಪ್ರದೇಶವೂ ಇದೆ. ಹೋಗುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ. ಮಕ್ಕಳನ್ನು ನೀರಿಗೆ ಮಾತ್ರ ಇಳಿಸಬೇಡಿ, ಮೊಸಳೆಗಳಿವೆ.